ವೇಪ್ ಬಗ್ಗೆ ಡಾಕ್ಟರು ಏನಂತಾರೆ? ನಮ್ಮ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದು ಅಡ್ಡರಸ್ತೆಯಲ್ಲಿ ನನ್ನ ಮೆಡಿಕಲ್ ಸ್ಟೋರ್ ಇದೆ. ಪಕ್ಕದಲ್ಲಿ ಎರಡು ಕ್ಲಿನಿಕ್, ಎದುರಿಗೆ ಟ್ಯೂಷನ್ ಸೆಂಟರ್, ಮೂಲೆಯಲ್ಲಿ ಟೀ ಅಂಗಡಿ. ಡಾಕ್ಟರ ಚೀಟಿಯೂ ನನ್ನ ಕೈಗೆ ಬರುತ್ತದೆ, ಟೀ ಅಂಗಡಿ ಮುಂದೆ ನಿಂತ ಹುಡುಗರ ಮಾತೂ ಕಿವಿಗೆ ಬೀಳುತ್ತದೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಆದರೆ ಡಾಕ್ಟರ ಹತ್ತಿರ ಕೇಳೋಕೆ ಮುಜುಗರ ಆಗುವ ಪ್ರಶ್ನೆಗಳು ಮೊದಲು ಬರುವುದು ಮಾತ್ರೆ ಕೊಡುವವನ ಹತ್ತಿರವೇ. ಈಚೆಗೆ ಅವುಗಳಲ್ಲಿ ಇ-ಸಿಗರೇಟಿನದ್ದೇ, ಅಂದರೆ ವೇಪಿನದ್ದೇ ಜಾಸ್ತಿ. ಪ್ರತಿಯೊಬ್ಬರಿಗೂ ಬಿಲ್ ಹಾಕುತ್ತಾ ಅರ್ಧ ಉತ್ತರ ಕೊಡುವ ಬದಲು ಇಲ್ಲಿ ಪೂರ್ತಿ ಬರೆದಿಟ್ಟಿದ್ದೇನೆ.

ಮಗನ ಬ್ಯಾಗಲ್ಲಿ ಇದು ಸಿಕ್ಕಿತು. ಏನಿದು?

ಗುಬ್ಬಿ ಕಡೆಯ ಒಬ್ಬ ತಾಯಿ ಕರ್ಚೀಫಿನಲ್ಲಿ ಸುತ್ತಿ ತಂದು ಕೌಂಟರಿನ ಮೇಲೆ ಬಿಚ್ಚಿಟ್ಟರು. ಹೈಲೈಟರ್ ಪೆನ್ನಿನಷ್ಟು ಉದ್ದ, ತಿಳಿನೀಲಿ ಬಣ್ಣ, ಒಂದು ತುದಿ ಪೀಪಿಯ ಬಾಯಿಯ ಹಾಗೆ ಚಪ್ಪಟೆ. "ಅಣ್ಣ, ನಮ್ಮ ಹುಡುಗನಿಗೆ ದಮ್ಮು ಗಿಮ್ಮು ಏನೂ ಇಲ್ಲ. ಈ ಇನ್ಹೇಲರ್ ಯಾರು ಬರೆದುಕೊಟ್ಟರು?" ಅಂದರು. ಮೂಗಿನ ಹತ್ತಿರ ಹಿಡಿದೆ. ಮಾವಿನಹಣ್ಣಿನ ವಾಸನೆ, ಅದರ ಹಿಂದೆಯೇ ಪುದೀನದ ತಂಪು. ಇನ್ಹೇಲರಿಗೆ ಈ ವಾಸನೆ ಇರುವುದಿಲ್ಲ. ಅದು ಮುಗಿದ ಮೇಲೆ ಬಿಸಾಡುವ ಜಾತಿಯ ವೇಪ್.

ಒಳಗೆ ಒಂದು ಲಿಥಿಯಂ ಬ್ಯಾಟರಿ, ಕೂದಲಿನಷ್ಟು ತೆಳುವಾದ ಲೋಹದ ಸುರುಳಿ, ದ್ರಾವಣದಲ್ಲಿ ನೆಂದ ಹತ್ತಿ. ಬಾಯಲ್ಲಿಟ್ಟು ಎಳೆದರೆ ಸುರುಳಿ ಕಾಯುತ್ತದೆ, ದ್ರಾವಣ ಮಂಜಿನ ಹಾಗೆ ಏಳುತ್ತದೆ. ದ್ರಾವಣದಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ವಾಸನೆ, ರುಚಿಗೆ ಬೆರೆಸಿದ್ದು, ಜೊತೆಗೆ ತಂಬಾಕಿನಲ್ಲಿರುವ ಚಟ ಹಿಡಿಸುವ ಪದಾರ್ಥ ನಿಕೋಟಿನ್. ಈಗಿನ ರೂಪದ ಇ-ಸಿಗರೇಟನ್ನು 2003ರಲ್ಲಿ ಮಾಡಿದವರು ಚೀನಾದ ಹಾನ್ ಲಿಕ್. ಅವರೂ ನನ್ನ ಹಾಗೆ ಫಾರ್ಮಸಿಸ್ಟೇ! ಸಿಗರೇಟು ಬಿಡಬೇಕು ಅಂತ ಹೊರಟು ಮಾಡಿದ್ದು. ಅದು ನಮ್ಮ ಗುಬ್ಬಿ ಹುಡುಗನ ಬ್ಯಾಗಿಗೆ ಬಂದು ಸೇರಿದ್ದು ಬೇರೆ ಕಥೆ. ಅವನು ಯಾವತ್ತೂ ಸಿಗರೇಟು ಮುಟ್ಟಿದವನೇ ಅಲ್ಲ.

ಬರೀ ನೀರಾವಿ ತಾನೇ?

ಅಲ್ಲ. ನೀರಾವಿ ಬೇಕಿದ್ದರೆ ಇಡ್ಲಿ ಪಾತ್ರೆ ಮುಚ್ಚಳ ತೆಗೆಯಿರಿ. ವೇಪಿನ ಮಂಜಿನಲ್ಲಿ ನಿಕೋಟಿನ್ ಇರುತ್ತದೆ. ದ್ರಾವಣ ಕಾದಾಗ ಹುಟ್ಟುವ ಫಾರ್ಮಾಲ್ಡಿಹೈಡ್ ಥರದ ರಾಸಾಯನಿಕಗಳೂ, ಸುರುಳಿಯಿಂದ ಬರುವ ನಿಕಲ್, ಸೀಸದಂಥ ಲೋಹದ ಕಣಗಳೂ ಇರುತ್ತವೆ. ಸಿಗರೇಟಿನ ಹೊಗೆಯಲ್ಲಿ ಇರುವುದಕ್ಕಿಂತ ಬಹಳ ಕಡಿಮೆ, ಅದು ನಿಜ. ಆದರೆ ಕಡಿಮೆ ಅಂದರೆ ಇಲ್ಲ ಅಂತ ಅರ್ಥವಲ್ಲ.

ಇದರಲ್ಲಿ ನಿಕೋಟಿನ್ ಎಷ್ಟಿರುತ್ತದೆ?

ಡಬ್ಬಿ ಮೇಲೆ 5% ಅಂತ ಬರೆದಿದ್ದರೆ ಪ್ರತಿ ಮಿಲಿಗೆ ಸುಮಾರು 50 ಮಿಲಿಗ್ರಾಂ. ಬ್ರಿಟನ್ನಿನಲ್ಲಿ, ಯುರೋಪಿನಲ್ಲಿ 20 ಮಿಲಿಗ್ರಾಂ ಮೀರುವ ಹಾಗಿಲ್ಲ. ನಮ್ಮಲ್ಲಿ ಕದ್ದು ಮಾರುವ ಮಾಲಿಗೆ ಮಿತಿಯೂ ಇಲ್ಲ, ಡಬ್ಬಿ ಮೇಲೆ ಬರೆದಿದ್ದು ನಿಜವಾ ಅಂತ ನೋಡುವವರೂ ಇಲ್ಲ.

ಇನ್ನೊಂದು ವಿಷಯ ಇದೆ. ಹಳೆಯ ದ್ರಾವಣದಲ್ಲಿ ನಿಕೋಟಿನ್ ಜಾಸ್ತಿ ಆದರೆ ಗಂಟಲು ಸುಡುತ್ತಿತ್ತು, ಕೆಮ್ಮು ಬರುತ್ತಿತ್ತು. ಈಗ ಅದಕ್ಕೆ ಆಮ್ಲ ಸೇರಿಸಿ ಲವಣದ ರೂಪಕ್ಕೆ ತಂದಿದ್ದಾರೆ, ಗಂಟಲಿಗೆ ಗೊತ್ತೇ ಆಗುವುದಿಲ್ಲ. ಮೊದಲ ಸಲ ಬೀಡಿ ಎಳೆದವನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೆ, ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಇಲ್ಲಿ ಆ ತಡೆಯೇ ಇಲ್ಲ. ಸಿಗರೇಟಾದರೆ ಒಂದು ಕಡ್ಡಿ ಮುಗಿಯಿತು ಅಂತಾದರೂ ಇರುತ್ತದೆ. ಇದನ್ನು ಹುಡುಗರು ಹೊದಿಕೆಯೊಳಗೇ ಇಟ್ಟುಕೊಂಡು ನಿದ್ದೆ ಬರುವ ತನಕ ಎಳೆಯುತ್ತಾರೆ.

ಒಬ್ಬ ಡಾಕ್ಟರು ಪರವಾಗಿಲ್ಲ ಅಂತಾರೆ, ಇನ್ನೊಬ್ಬರು ವಿಷ ಅಂತಾರೆ. ಯಾರನ್ನು ನಂಬೋದು?

ಇದು ನನಗೆ ಬರುವ ಪ್ರಶ್ನೆಗಳಲ್ಲೇ ಗಟ್ಟಿ ಪ್ರಶ್ನೆ. ನನಗೆ ಅನ್ನಿಸುವುದು ಇಷ್ಟು: ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅವರ ಮುಂದೆ ಕೂತಿರುವ ಪೇಷೆಂಟ್ ಬೇರೆ ಬೇರೆ. ಒಬ್ಬರ ಮುಂದೆ ಮೂವತ್ತು ವರ್ಷ ದಿನಕ್ಕೆರಡು ಪ್ಯಾಕ್ ಸೇದಿ, ಸಿಗರೇಟು ಬಿಡಿಸಲು ಕೊಡುವ ಜಗಿಯುವ ನಿಕೋಟಿನ್ ಗಮ್ಮೂ ಚರ್ಮಕ್ಕೆ ಅಂಟಿಸುವ ಪ್ಯಾಚೂ ಸೋತು ಕೂತಿರುವ ಮನುಷ್ಯ. ಇನ್ನೊಬ್ಬರ ಮುಂದೆ ಹದಿನಾರರ ಹುಡುಗ. ಪ್ರಶ್ನೆಯೇ ಬೇರೆ ಆದಾಗ ಉತ್ತರ ಒಂದೇ ಆಗೋದು ಹೇಗೆ?

ಬ್ರಿಟನ್ನಿನ ಡಾಕ್ಟರು ನೋಡುವುದು ಹೆಚ್ಚಾಗಿ ಮೊದಲನೆಯವನನ್ನು. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ 2015ರಲ್ಲಿ ವೇಪಿಂಗ್ ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರ ಅಂತ ಹೇಳಿತು. ಮರುವರ್ಷ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಕೂಡ, ದೀರ್ಘಕಾಲದ ಹಾನಿ ಸಿಗರೇಟಿನ ಹಾನಿಯ ಶೇ. 5ನ್ನು ಮೀರುವ ಸಾಧ್ಯತೆ ಕಡಿಮೆ ಅಂದಿತು. ಆ 95 ಎನ್ನುವುದು ಪ್ರಯೋಗಶಾಲೆಯಲ್ಲಿ ಅಳೆದು ತಂದ ಸಂಖ್ಯೆಯಲ್ಲ, ಕೆಲವು ತಜ್ಞರು ಕೂತು ಹಾಕಿದ ಅಂದಾಜು ಅಂತ ಬೇರೆ ಡಾಕ್ಟರು ಆಗಲೇ ತಕರಾರು ತೆಗೆದಿದ್ದರು. ಆದರೂ 2023ರಲ್ಲಿ ಇಂಗ್ಲೆಂಡಿನ ಸರ್ಕಾರ ಸಿಗರೇಟು ಬಿಡುವವರಿಗಾಗಿ 10 ಲಕ್ಷ ಜನಕ್ಕೆ ವೇಪ್ ಕಿಟ್ ಕೊಡುವ ಯೋಜನೆ ಮಾಡಿತು. ಮಕ್ಕಳ ಕೈಗೆ ಸಿಗುತ್ತಿದೆ ಅಂತ 2025ರ ಜೂನ್ 1ರಿಂದ ಬಿಸಾಡುವ ಜಾತಿಯ ವೇಪ್ ನಿಷೇಧಿಸಿದ್ದೂ ಅದೇ ದೇಶ.

ಅಮೆರಿಕದ ಡಾಕ್ಟರು ಎರಡನೆಯವನನ್ನು ನೋಡಿ ಬೆಚ್ಚಿದರು. 2019ರ ಅಲ್ಲಿನ ಸಮೀಕ್ಷೆಯಲ್ಲಿ ಹೈಸ್ಕೂಲ್ ಮಕ್ಕಳಲ್ಲಿ ಶೇ. 27.5 ಮಂದಿ ಹಿಂದಿನ ತಿಂಗಳಲ್ಲಿ ವೇಪ್ ಸೇದಿದ್ದರು. ಆಮೇಲೆ ಬಹಳ ಇಳಿದಿದೆ. ಆದರೆ ಆ ಅಂಕಿ ನೋಡಿದ ಮಕ್ಕಳ ಡಾಕ್ಟರು ಮೆತ್ತಗೆ ಮಾತಾಡಲಿ ಅಂದರೆ ಹೇಗೆ ಆಗುತ್ತದೆ?

ಆಸ್ಟ್ರೇಲಿಯಾದ ಕಥೆ ಓದಿದಾಗ ನನಗಂತೂ ನಗು ಬಂತು. 2021ರ ಅಕ್ಟೋಬರಿನಿಂದ ಅಲ್ಲಿ ನಿಕೋಟಿನ್ ವೇಪಿಗೆ ಡಾಕ್ಟರ ಚೀಟಿ ಬೇಕು ಅಂತ ಮಾಡಿದರು. 2024ರ ಜುಲೈನಿಂದ ಮೆಡಿಕಲ್ ಸ್ಟೋರಿನಲ್ಲಿ ಮಾತ್ರ ಮಾರಬೇಕು ಅಂದರು. ಅಕ್ಟೋಬರಿನಿಂದ ದೊಡ್ಡವರಿಗೆ ಚೀಟಿ ಬೇಡ, ಫಾರ್ಮಸಿಸ್ಟ್ ಮಾತಾಡಿಸಿ ಕೊಟ್ಟರೆ ಸಾಕು ಅಂದರು. ಅಲ್ಲಿನ ಮೆಡಿಕಲ್ ಸ್ಟೋರಿನವರ ಸಂಘ "ನಾವು ವೇಪ್ ಅಂಗಡಿಯವರಲ್ಲ" ಅನ್ನುವ ಧಾಟಿಯಲ್ಲಿ ಗಟ್ಟಿಯಾಗೇ ವಿರೋಧಿಸಿತು. ಸರ್ಕಾರ, ಡಾಕ್ಟರು, ಅಂಗಡಿಯವರು, ಎಲ್ಲರೂ ಅದನ್ನು ಪಕ್ಕದವರ ಮಡಿಲಿಗೆ ಹಾಕಿದ್ದೇ ಹಾಕಿದ್ದು.

ನಮ್ಮ ದೇಶದ ಡಾಕ್ಟರು?

ಹೆಚ್ಚಿನವರು ನಿಷೇಧದ ಕಡೆ. 2019ರಲ್ಲಿ 24 ರಾಜ್ಯಗಳ ಸಾವಿರಕ್ಕೂ ಹೆಚ್ಚು ಡಾಕ್ಟರು ಇ-ಸಿಗರೇಟು ನಿಷೇಧಿಸಿ ಅಂತ ಪ್ರಧಾನಿಗೆ ಪತ್ರ ಬರೆದರು. ಅದೇ ವರ್ಷ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಪೂರ್ತಿ ನಿಷೇಧಕ್ಕೆ ಶಿಫಾರಸು ಮಾಡಿತು. ಪೂರ್ತಿ ನಿಷೇಧದ ಬದಲು ಕಟ್ಟುನಿಟ್ಟಿನ ನಿಯಮದಡಿ ಮಾರಲು ಬಿಡಿ ಅಂದ ಡಾಕ್ಟರೂ ಇದ್ದಾರೆ, ಆದರೆ ಕಡಿಮೆ.

ನಿಷೇಧದ ಪರ ಇರುವವರ ಒಂದು ವಾದ ನನಗೆ ಸರಿ ಅನ್ನಿಸುತ್ತದೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ವೇಪ್ ಸೇದುವವರು ಶೇ. 0.02 ಮಾತ್ರ ಇದ್ದರು. ಬೇರು ಬಿಡುವ ಮೊದಲೇ ಕೀಳೋಣ ಅಂತ ಅವರು ಅಂದರು. ಇನ್ನೊಂದು, ಅದೇ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ದೊಡ್ಡವರಲ್ಲಿ ಶೇ. 22.8 ಜನ ತಂಬಾಕು ಬಳಸುತ್ತಾರೆ, ಅದರಲ್ಲಿ ಸೇದುವವರಿಗಿಂತ ಜಗಿಯುವವರೇ ಜಾಸ್ತಿ. ಬಾಯಲ್ಲಿ ಹೊಗೆಸೊಪ್ಪು ಒತ್ತರಿಸಿಕೊಂಡು ತೋಟಕ್ಕೆ ಹೋಗುವ ಪಾವಗಡದ ರೈತನಿಗೆ ಮಾವಿನ ವಾಸನೆಯ ವೇಪ್ ಕೊಟ್ಟು ಏನು ಬಿಡಿಸುತ್ತೀರಿ? ಲಂಡನ್ನಿನ ಲೆಕ್ಕ ಇಲ್ಲಿಗೆ ಹಾಗೇ ಕೂರುವುದಿಲ್ಲ.

ಸಿಗರೇಟು ಬಿಡೋಕೆ ವೇಪ್ ನಿಜವಾಗಲೂ ಸಹಾಯ ಮಾಡುತ್ತದಾ?

ಮಾಡುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ, ಮುಚ್ಚಿಡುವುದು ಯಾಕೆ? 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ, ವೇಪ್ ಕೊಟ್ಟವರಲ್ಲಿ ಶೇ. 18 ಜನ ಒಂದು ವರ್ಷದ ನಂತರ ಸಿಗರೇಟು ಬಿಟ್ಟಿದ್ದರು. ಗಮ್, ಪ್ಯಾಚ್ ಕೊಟ್ಟವರಲ್ಲಿ ಶೇ. 9.9. ಎರಡೂ ಗುಂಪಿಗೆ ವಾರವಾರ ಕೌನ್ಸೆಲಿಂಗ್ ಇತ್ತು, ಅದನ್ನು ಮರೆಯಬೇಡಿ.

ಈಗ ಎರಡನೇ ಅರ್ಧ. ವೇಪಿನಿಂದ ಸಿಗರೇಟು ಬಿಟ್ಟವರಲ್ಲಿ ಶೇ. 80 ಜನ ವರ್ಷದ ಮೇಲೂ ವೇಪ್ ಸೇದುತ್ತಲೇ ಇದ್ದರು. ಗಮ್, ಪ್ಯಾಚ್ ಗುಂಪಿನಲ್ಲಿ ಇನ್ನೂ ಅದನ್ನೇ ಬಳಸುತ್ತಿದ್ದವರು ಶೇ. 9. ಒಬ್ಬ ಡಾಕ್ಟರು ಮೊದಲರ್ಧ ಓದಿ "ನೋಡಿ, ಕೆಲಸ ಮಾಡುತ್ತೆ" ಅಂತಾರೆ. ಇನ್ನೊಬ್ಬರು ಎರಡನೇ ಅರ್ಧ ಓದಿ "ನೋಡಿ, ಹಗ್ಗ ಬಿಚ್ಚಿ ಸರಪಳಿ ಕಟ್ಟಿಕೊಂಡರು" ಅಂತಾರೆ. ಜಗಳ ನಡೆಯುತ್ತಿರುವುದು ಒಂದೇ ಕಾಗದದ ಎರಡು ಸಾಲುಗಳ ಮೇಲೆ.

ಟೀ ಅಂಗಡಿ ಮುಂದೆ ನಾನು ದಿನಾ ನೋಡುವುದು ಮೂರನೇ ಥರದವರನ್ನು. ಆಫೀಸಿನಲ್ಲಿ ವೇಪ್, ಸಂಜೆ ಟೀ ಜೊತೆ ಸಿಗರೇಟು. ಇದರಲ್ಲಿ ಲಾಭ ಏನೂ ಇಲ್ಲ, ಖರ್ಚು ಮಾತ್ರ ಎರಡಾಯಿತು.

ಇಲ್ಲಿಯ ಡಾಕ್ಟರು ವೇಪ್ ಬರೆದುಕೊಡಬಹುದಾ? ನಿಮ್ಮ ಹತ್ತಿರ ಸಿಗುತ್ತಾ?

ಬರೆಯುವ ಹಾಗಿಲ್ಲ, ನಾನು ಮಾರುವ ಹಾಗೂ ಇಲ್ಲ. ಸಿಗರೇಟು ಬಿಡಿಸಲು ಅಂತ ವಿನಾಯಿತಿಯೂ ಕಾನೂನಿನಲ್ಲಿ ಇಲ್ಲ. ದಯವಿಟ್ಟು ಕೌಂಟರಿಗೆ ಬಾಗಿ ಪಿಸುಗುಟ್ಟಬೇಡಿ, ಪಕ್ಕದಲ್ಲಿ ನಿಂತವರು ಬೇರೆ ಏನೋ ತಿಳಿದುಕೊಳ್ಳುತ್ತಾರೆ.

ಕಾನೂನು ಏನು ಹೇಳುತ್ತದೆ?

ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟು ನಿಷೇಧಿಸಿತ್ತು. ಇಡೀ ದೇಶಕ್ಕೆ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚುವುದು, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಬ್ ಇನ್‌ಸ್ಪೆಕ್ಟರ್ ದರ್ಜೆಯವರೇ ಬಂದು ತಪಾಸಣೆ ಮಾಡಬಹುದು.

ಆನ್‌ಲೈನಿನಲ್ಲಿ ತರಿಸಿದರೂ ಇದೇ. ದುಬೈನಿಂದ ಭಾವ ತರುತ್ತಾನೆ ಅಂದರೂ ಇದೇ. ಅಲ್ಲಿ ಮಾರುವುದು ಕಾನೂನುಬದ್ಧ ಇರಬಹುದು, ಇಲ್ಲಿಗೆ ತಂದರೆ ಆಮದು.

ಸೇದಿದರೆ ಜೈಲಾ?

ಸೇದುವುದಕ್ಕೆ ಅಂತ ಕಾಯ್ದೆಯಲ್ಲಿ ಬೇರೆ ಶಿಕ್ಷೆ ಬರೆದಿಲ್ಲ. ಆದರೆ ಯಾವ ರೂಪದಲ್ಲಿ, ಎಷ್ಟೇ ಇಟ್ಟುಕೊಂಡರೂ ಕಾಯ್ದೆ ಉಲ್ಲಂಘನೆಯೇ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಹೇಳಿದೆ. ಜೇಬಿನಲ್ಲಿ ಇಟ್ಟುಕೊಳ್ಳದೆ ಸೇದೋದು ಹೇಗೆ ಅಂತ ನೀವೇ ಹೇಳಿ.

ನಿಕೋಟಿನ್ ಇಲ್ಲದ್ದು, ಹರ್ಬಲ್ ಅಂತ ಬರೆದಿದ್ದರೆ?

ಅದೂ ನಿಷೇಧವೇ. ಕಾಯ್ದೆಯಲ್ಲಿ "ನಿಕೋಟಿನ್ ಇರಲಿ, ಇಲ್ಲದಿರಲಿ" ಅಂತಲೇ ಇದೆ. ಇ-ಹುಕ್ಕಾ, ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನ ಎಲ್ಲ ಅದರೊಳಗೇ ಬರುತ್ತವೆ.

ಹಾಗಾದರೆ ಇನ್ಹೇಲರ್, ನೆಬುಲೈಸರ್ ಕೂಡ ಅದೇ ಜಾತಿ ಅಲ್ವಾ? ಚಟ ಹತ್ತುತ್ತೆ ಅಂತಾರೆ.

ಅಲ್ಲವೇ ಅಲ್ಲ. ಔಷಧ ಕಾಯ್ದೆಯಡಿ ಲೈಸೆನ್ಸ್ ಇರುವ ಯಾವುದೂ ಈ ನಿಷೇಧದಲ್ಲಿ ಬರುವುದಿಲ್ಲ. ಇನ್ಹೇಲರ್ ಚಟ ಹಿಡಿಸುವುದಿಲ್ಲ. ಅದರಲ್ಲಿ ನಿಕೋಟಿನ್ ಇಲ್ಲ, ಶ್ವಾಸನಾಳವನ್ನು ಹಿಗ್ಗಿಸುವ ಅಥವಾ ಊತ ಇಳಿಸುವ ಔಷಧಿ ಇದೆ.

ಈ ಪ್ರಶ್ನೆ ಬಂದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಸ್ತಮಾ ಇರುವ ಹೆಣ್ಣುಮಕ್ಕಳಿಗೆ ಇನ್ಹೇಲರ್ ಬರೆದರೆ ಈಗಲೂ ಚೀಟಿ ತಿರುಗಿಸಿ "ಮಾತ್ರೇನೇ ಕೊಡಿ ಅಣ್ಣ, ಇದನ್ನು ಬಾಯಿಗಿಟ್ಟುಕೊಂಡರೆ ಜನ ಏನಂದುಕೊಳ್ತಾರೋ" ಅಂತಾರೆ. ಈಗ ವೇಪ್ ಸುದ್ದಿ ಹಬ್ಬಿದ ಮೇಲೆ ಆ ಭಯ ಇನ್ನೂ ಜಾಸ್ತಿ. ಮಗ ವೇಪ್ ಸೇದಿದ್ದಕ್ಕೆ ಅಜ್ಜಿಯ ಇನ್ಹೇಲರ್ ನಿಲ್ಲಿಸಿದ ಮನೆಯನ್ನೂ ನೋಡಿದ್ದೇನೆ. ನಿಲ್ಲಿಸಬೇಡಿ.

ಬೀಡಿ ಸಿಗರೇಟು ರಾಜಾರೋಷವಾಗಿ ಮಾರುತ್ತಾರೆ. ಇದನ್ನು ಮಾತ್ರ ಯಾಕೆ ನಿಷೇಧಿಸಿದರು?

ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಡಾಕ್ಟರನ್ನು ಕೇಳಿದರೆ ಅವರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕ, ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ದೇಶದಲ್ಲಿ ತಂಬಾಕಿನಿಂದ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಆದರೂ ಹುಣಸೂರು, ಪಿರಿಯಾಪಟ್ಟಣದ ಕಡೆ ಎಷ್ಟೋ ಮನೆಗಳ ಒಲೆ ಉರಿಯುವುದೇ ಹೊಗೆಸೊಪ್ಪಿನಿಂದ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸರಿದ್ದಾರೆ. ಸರ್ಕಾರಕ್ಕೆ ತೆರಿಗೆ ಬರುತ್ತದೆ. ಬೆಳೆದು ನಿಂತ ಮರಕ್ಕೆ ಕೊಡಲಿ ಹಾಕುವ ಧೈರ್ಯ ಯಾರಿಗೂ ಇಲ್ಲ, ಸಸಿ ಸಿಕ್ಕಿತು, ಕಿತ್ತರು. ಕಿತ್ತಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅದನ್ನು ದೊಡ್ಡ ಸಾಧನೆ ಅಂತ ಹೇಳಿಕೊಂಡರೆ ನಾನು ಒಪ್ಪುವುದಿಲ್ಲ.

ನ್ಯಾಯವಾಗಿ ಹೇಳಬೇಕು ಅಂದರೆ, ನಮ್ಮ ರಾಜ್ಯ ಸಿಗರೇಟಿನ ಕಾನೂನನ್ನೂ ಈಚೆಗೆ ಬಿಗಿ ಮಾಡಿದೆ. 2025ರ ಮೇ ಕೊನೆಯಿಂದ 21 ವರ್ಷ ಆಗದವರಿಗೆ ತಂಬಾಕು ಮಾರುವಂತಿಲ್ಲ. ಹುಕ್ಕಾ ಬಾರ್ ಇಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ಇದ್ದಿದ್ದು 1,000 ರೂಪಾಯಿವರೆಗೆ ಏರಿದೆ. ಬಿಡಿ ಸಿಗರೇಟು ಮಾರುವಂತಿಲ್ಲ. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಎಲ್ಲಿ ಸಿಗುವುದಿಲ್ಲ ಅಂತ ನೀವೇ ಒಂದು ಸಂಜೆ ಟೌನ್‌ಹಾಲ್ ಸರ್ಕಲ್ ಸುತ್ತಿ ನೋಡಿಕೊಂಡು ಬನ್ನಿ.

ಅಮೆರಿಕದಲ್ಲಿ ವೇಪ್ ಸೇದಿ ಜನ ಸತ್ತರಂತೆ, ನಿಜವಾ?

ನಿಜ. 2019ರಲ್ಲಿ ಶುರುವಾಗಿ 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು. ಸತ್ತವರೇ 68. ಎದೆ ಬಿಗಿತ, ಉಸಿರು ಕಟ್ಟುವುದು, ಜ್ವರ, ವಾಂತಿ. ಎಕ್ಸ್‌ರೇ ತೆಗೆದರೆ ಶ್ವಾಸಕೋಶ ನ್ಯುಮೋನಿಯಾ ಥರ ಬೆಳ್ಳಗೆ. ಹುಡುಕಿದಾಗ ಮುಖ್ಯ ಅಪರಾಧಿ ವಿಟಮಿನ್ ಇ ಅಸಿಟೇಟ್ ಅಂತ ಗೊತ್ತಾಯಿತು. ಗಾಂಜಾದ ಅಂಶ ಇರುವ ಕಳ್ಳಮಾಲಿನ ದ್ರಾವಣವನ್ನು ಗಟ್ಟಿ ಕಾಣಿಸಲು ಅದನ್ನು ಬೆರೆಸುತ್ತಿದ್ದರು. ಚರ್ಮಕ್ಕೆ ಹಚ್ಚುವ ಕ್ರೀಮಿನಲ್ಲಿ ಅದೇ ಪದಾರ್ಥ ಇರುತ್ತದೆ, ತೊಂದರೆ ಇಲ್ಲ. ಎಣ್ಣೆಯಂಥದ್ದನ್ನು ಶ್ವಾಸಕೋಶಕ್ಕೆ ಎಳೆದರೆ ಕಥೆ ಬೇರೆ.

"ಅದು ಗಾಂಜಾದವರ ಕಥೆ, ನಮ್ಮದಲ್ಲ" ಅಂತ ಒಬ್ಬ ಹುಡುಗ ನನಗೇ ಪಾಠ ಹೇಳಿದ. ಅವನು ಹೇಳಿದ್ದು ಮುಕ್ಕಾಲು ಸರಿ. ಆದರೆ ನಮ್ಮೂರಿಗೆ ಬರುವುದು ಪೂರ್ತಿ ಕಳ್ಳಮಾಲೇ. ಬಿಲ್ ಇಲ್ಲ, ಬ್ಯಾಚ್ ನಂಬರಿಗೆ ಅರ್ಥ ಇಲ್ಲ, ಒಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿಲ್ಲ. ನಿಷೇಧವನ್ನು ವಿರೋಧಿಸುವ ಡಾಕ್ಟರು ಎತ್ತುವ ಮುಖ್ಯ ತಕರಾರೂ ಇದೇ: ನಿಷೇಧಿಸಿದ ಮೇಲೆ ಗುಣಮಟ್ಟ ನೋಡುವವರು ಯಾರು?

ಪಾಪ್‌ಕಾರ್ನ್ ಶ್ವಾಸಕೋಶ ಅಂತಾರಲ್ಲ?

ಅಮೆರಿಕದ ಒಂದು ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಲ್ಲಿ 2000ದ ಹೊತ್ತಿಗೆ ಕಂಡ, ಶ್ವಾಸಕೋಶದ ಸಣ್ಣ ನಾಳಗಳು ಗಾಯಗೊಂಡು ಕಿರಿದಾಗುವ ಕಾಯಿಲೆ, ಅದಕ್ಕೇ ಆ ಹೆಸರು. ಬೆಣ್ಣೆ ವಾಸನೆಗೆ ಬಳಸುವ ಡಯಾಸಿಟೈಲ್ ಅದಕ್ಕೆ ಕಾರಣ. ಕೆಲವು ವೇಪ್ ದ್ರಾವಣಗಳಲ್ಲೂ ಅದು ಸಿಕ್ಕಿದೆ, ಬ್ರಿಟನ್ನಿನಲ್ಲಿ ಬೆರೆಸುವುದನ್ನು ನಿಷೇಧಿಸಿದ್ದಾರೆ. ವಾಟ್ಸಾಪಿನಲ್ಲಿ ಬರುವಷ್ಟು ಹೆದರಿಸುವ ವಿಷಯ ಇದಲ್ಲ. ಹೆದರಲು ಬೇರೆ ಕಾರಣಗಳಿವೆ.

ನಿಕೋಟಿನ್‌ನಿಂದಲೇ ಕ್ಯಾನ್ಸರ್ ಬರುತ್ತದೆ ಅಂತ ಡಾಕ್ಟರೇ ಹೇಳಿದರು. ಹಾಗಾದರೆ ನಿಕೋಟಿನ್ ಗಮ್ ಯಾಕೆ ಮಾರುತ್ತೀರಿ?

ಡಾಕ್ಟರೂ ಮನುಷ್ಯರೇ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಡಾಕ್ಟರನ್ನು ಕೇಳಿ ಒಂದು ಸಮೀಕ್ಷೆ ಮಾಡಿದರು, 2020ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಎಂಟು ಮಂದಿ ನಿಕೋಟಿನ್ನೇ ನೇರವಾಗಿ ಕ್ಯಾನ್ಸರ್ ತರುತ್ತದೆ ಅಂತ ಗಟ್ಟಿಯಾಗಿ ನಂಬಿದ್ದರು. ಅದು ತಪ್ಪು ತಿಳಿವಳಿಕೆ. ಸಿಗರೇಟಿನಿಂದ ಬರುವ ಕ್ಯಾನ್ಸರಿಗೆ ಕಾರಣ ಸುಟ್ಟ ತಂಬಾಕಿನ ಹೊಗೆಯಲ್ಲಿರುವ ಬೇರೆ ವಿಷಗಳು. ನಿಕೋಟಿನ್ ಮಾಡುವುದು ಚಟ ಹಿಡಿಸುವ ಕೆಲಸ. ಎದೆಬಡಿತ, ಬಿ.ಪಿ. ಏರಿಸುತ್ತದೆ. ಬಸಿರಿಗೆ ಒಳ್ಳೆಯದಲ್ಲ. ಸುಮಾರು 25 ವರ್ಷದವರೆಗೂ ಬೆಳೆಯುತ್ತಲೇ ಇರುವ ಮೆದುಳಿಗೆ ಒಳ್ಳೆಯದಲ್ಲ. ಹಾಗಂತ ಗಮ್ ಜಗಿದು ಕ್ಯಾನ್ಸರ್ ಬರುತ್ತದೆ ಅಂತ ಹೆದರಿ ವಾಪಸ್ ಬೀಡಿಗೆ ಹೋಗುವುದು ಇದೆಯಲ್ಲ, ಅದಕ್ಕಿಂತ ದೊಡ್ಡ ಮೋಸ ಇಲ್ಲ. ನನ್ನ ಇಬ್ಬರು ಗಿರಾಕಿಗಳು ಹಾಗೇ ಮಾಡಿದರು.

ಗಮ್ ತಗೊಂಡೆ, ಬಿಕ್ಕಳಿಕೆ ಬಂತು, ಹೊಟ್ಟೆ ತೊಳಸಿತು. ಕೆಲಸ ಮಾಡಲ್ಲ ಬಿಡಿ.

ಜಗಿದಿದ್ದು ಹೇಗೆ ಅಂತ ಹೇಳಿ. ಎಲೆಅಡಿಕೆ ಹಾಕಿದ ಹಾಗೆ ದವಡೆ ತುಂಬ ಅರೆದು ರಸ ನುಂಗಿದಿರಿ, ಸರಿ ತಾನೇ? ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಅಭ್ಯಾಸ ಬಲ.

ಇದನ್ನು ನಿಧಾನಕ್ಕೆ ಹತ್ತು ಹದಿನೈದು ಸಲ ಜಗಿಯಿರಿ. ನಾಲಿಗೆಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ. ಕೆನ್ನೆ ಮತ್ತು ಒಸಡಿನ ಮಧ್ಯೆ ಒತ್ತರಿಸಿ ಇಟ್ಟುಕೊಳ್ಳಿ. ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು, ಇನ್ನೊಂದು ಕಡೆ ಇಡಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗಬೇಕಾದ್ದು ಕೆನ್ನೆಯ ಮೂಲಕ. ನುಂಗಿದರೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ ತರಿಸುತ್ತದೆ ಅಷ್ಟೆ. ಜಗಿಯುವ ಹದಿನೈದು ನಿಮಿಷ ಮುಂಚೆಯಿಂದ ಕಾಫಿ, ಜ್ಯೂಸ್, ಸೋಡಾ ಬೇಡ. ಅವುಗಳ ಹುಳಿ ಗುಣಕ್ಕೆ ನಿಕೋಟಿನ್ ಕೆನ್ನೆಯಲ್ಲಿ ಇಳಿಯುವುದಿಲ್ಲ.

ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕು ಅನ್ನುವವರಿಗೆ 4 ಮಿಲಿಗ್ರಾಂ, ತಡವಾಗಿ ಸೇದುವವರಿಗೆ 2 ಮಿಲಿಗ್ರಾಂ. 2 ಮಿಲಿಗ್ರಾಂ ಗಮ್ಮಿಗೆ ಚೀಟಿ ಬೇಡ, 4ಕ್ಕೆ ಚೀಟಿ ಬೇಕು. ಗಮ್ ಆಗದಿದ್ದರೆ ಪ್ಯಾಚ್ ಇದೆ. ಬುಪ್ರೊಪಿಯಾನ್, ವರೆನಿಕ್ಲಿನ್ ಅಂತ ಮಾತ್ರೆಗಳಿವೆ, ಅವು ಡಾಕ್ಟರು ನೋಡಿ ಬರೆದರೆ ಮಾತ್ರ. 18 ಆಗದ ಮಕ್ಕಳಿಗೆ ಗಮ್ಮನ್ನೂ ನೀವಾಗೇ ಕೊಡಿಸಬೇಡಿ.

ಡಾಕ್ಟರಿಗೆ ವೇಪ್ ವಿಷಯ ಹೇಳಿದರೆ ಪೊಲೀಸಿಗೆ ಹೇಳಿಬಿಡ್ತಾರಾ?

ಇಲ್ಲ. ಪೇಷೆಂಟ್ ಹೇಳಿದ್ದನ್ನು ಗುಟ್ಟಾಗಿಡುವುದು ಡಾಕ್ಟರ ಧರ್ಮ. ಅವರಿಗೆ ಬೇಕಾಗಿರುವುದು ನಿಮ್ಮ ಶ್ವಾಸಕೋಶದ ಸುದ್ದಿ. ಎಲ್ಲಿ ತಗೊಂಡಿರಿ, ಯಾರು ಕೊಟ್ಟರು ಅನ್ನುವುದು ಅಲ್ಲ.

ಹೇಳದಿದ್ದರೆ ಏನಾಗುತ್ತದೆ ಅಂತ ನೋಡಿ. ಒಬ್ಬ ಹುಡುಗ, ದಿನಾ ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವನು. ಎರಡು ತಿಂಗಳು ಒಣಕೆಮ್ಮು. ಮೂರು ಸಲ ಬೇರೆ ಬೇರೆ ಕಡೆ ತೋರಿಸಿ ಮೂರು ಚೀಟಿ ತಂದ. ಒಂದರಲ್ಲಿ ಆಂಟಿಬಯೋಟಿಕ್, ಒಂದರಲ್ಲಿ ಅಲರ್ಜಿ ಮಾತ್ರೆ, ಒಂದರಲ್ಲಿ ಗ್ಯಾಸ್ಟ್ರಿಕ್ ಮಾತ್ರೆ. ಮೂರನೇ ಸಲ ಸುಮ್ನೆ ಕೇಳಿದೆ, "ಸಿಗರೇಟು ಗಿಗರೇಟು ಇದೆಯಾ?" "ಇಲ್ಲ ಅಣ್ಣ." "ವೇಪ್?" ಹುಡುಗ ನನ್ನ ಮುಖ ನೋಡಿ, ಆಮೇಲೆ ಬೀದಿ ಕಡೆ ನೋಡಿ, "ಅದನ್ನ ಯಾರೂ ಕೇಳಲೇ ಇಲ್ವಲ್ಲ" ಅಂದ.

ತಪ್ಪು ಅವನದೊಂದೇ ಅಲ್ಲ. ಕೇಸ್ ಶೀಟಿನಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಕುಡಿತಕ್ಕೆ ಜಾಗ ಇರುತ್ತದೆ. ವೇಪ್ ಅಂತ ಕೇಳುವ ಡಾಕ್ಟರು ನಾನು ಕಂಡ ಹಾಗೆ ಕಡಿಮೆ. "ನಿಷೇಧ ಆಗಿದೆಯಲ್ಲ, ಇಲ್ಲೆಲ್ಲಿ ಸಿಗುತ್ತೆ" ಅಂತ ವಯಸ್ಸಾದ ಒಬ್ಬ ಡಾಕ್ಟರು ನನಗೇ ಅಂದಿದ್ದರು. ಅವರ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತ ಹುಡುಗನ ಕೈಯಲ್ಲೇ ಇತ್ತು. ಹಾಗಾಗಿ ಅವರು ಕೇಳಲಿ ಅಂತ ಕಾಯಬೇಡಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಸಿಗರೇಟೂ ಜೊತೆಗಿದೆಯಾ, ಗಾಂಜಾ ಅಂಶದ್ದು ಯಾವತ್ತಾದರೂ ಎಳೆದಿದ್ದೀರಾ, ಇಷ್ಟು ಹೇಳಿ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೂ ಹೇಳಿ. ಬಸಿರಾಗಿದ್ದರೆ, ಅಸ್ತಮಾ ಇದ್ದರೆ, ಹಾರ್ಟ್ ತೊಂದರೆ ಇದ್ದರೆ ಮೊದಲ ಮಾತೇ ಅದಾಗಲಿ.

ಮಕ್ಕಳ ಮುಂದೆ ಹೇಗೆ ಮಾತಾಡೋದು?

ನಾನು ಹೇಳಬಲ್ಲದ್ದು ಒಂದೇ: ಬಡಿದರೆ ಅವನು ವೇಪ್ ಬಿಡುವುದಿಲ್ಲ, ಬ್ಯಾಗಲ್ಲಿ ಇಡುವುದನ್ನು ಬಿಡುತ್ತಾನೆ.

ಬಿಡಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಮೊದಲು ಫೋನ್. 1800-11-2356, ರಾಷ್ಟ್ರೀಯ ತಂಬಾಕು ಬಿಡಿಸುವ ಸಹಾಯವಾಣಿ, ದುಡ್ಡಿಲ್ಲ. ಸಿಗರೇಟು ಪ್ಯಾಕಿನ ಮೇಲೆ ಅಚ್ಚು ಹಾಕಿರುತ್ತಾರೆ, ಆದರೆ ಓದುವವರು ಯಾರು ಹೇಳಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ವೇಪಿನಲ್ಲೂ ಇರುವುದು ನಿಕೋಟಿನ್ ಚಟವೇ, ಆದ್ದರಿಂದ "ನಾನು ತಂಬಾಕು ಮುಟ್ಟಿಲ್ಲ" ಅಂತ ಹಿಂಜರಿಯಬೇಡಿ. ಎದುರಾ ಎದುರು ಕೂತು ಮಾತಾಡಬೇಕು ಅಂದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ ತಂಬಾಕು ಬಿಡಿಸುವ ವಿಭಾಗ ಎಲ್ಲಿ ಅಂತ ಕೇಳಿ.

ಮೊದಲ ಮೂರು ದಿನ ಕಷ್ಟ. ಸಿಡುಕು, ತಲೆನೋವು, ನಿದ್ದೆ ಇಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಪರೀಕ್ಷೆ ವಾರದಲ್ಲಿ ಶುರು ಮಾಡಬೇಡಿ ಅಂತ ನಾನು ಹುಡುಗರಿಗೆ ಹೇಳುತ್ತೇನೆ. ಪರೀಕ್ಷೆ ಮುಗಿದ ಮೇಲೆ ಅವರು ಬರುವುದಿಲ್ಲ ಅನ್ನುವುದೂ ಗೊತ್ತು.

ಸಿಕ್ಕ ವೇಪನ್ನು ಏನು ಮಾಡಲಿ? ನಿಮ್ಮ ಹತ್ತಿರ ಬಿಟ್ಟು ಹೋಗಲಾ?

ಬೇಡ! ನನ್ನ ಡ್ರಾಯರಿನಲ್ಲಿ ಸಿಕ್ಕರೆ ದಾಸ್ತಾನು ಅಂತಾರೆ. ಕಸದ ಗಾಡಿಗೂ ಹಾಕಬೇಡಿ, ಒಳಗಿನ ಬ್ಯಾಟರಿ ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಒಲೆಗೆ ಎಸೆಯಬೇಡಿ. ಒಡೆದು ನೋಡುವ ಕುತೂಹಲವೂ ಬೇಡ, ದ್ರಾವಣ ಚರ್ಮದಿಂದಲೂ ಒಳಗಿಳಿಯುತ್ತದೆ. ಸಣ್ಣ ಮಗು ಅದನ್ನು ನುಂಗಿದರೆ ಪ್ರಾಣಕ್ಕೇ ಅಪಾಯ, ಆಗ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ. ಎಲೆಕ್ಟ್ರಾನಿಕ್ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟುಬಿಡಿ.

ಗುಬ್ಬಿಯ ಆ ತಾಯಿ ಅದನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದರು. ಹತ್ತು ದಿನ ಬಿಟ್ಟು ಮಗನನ್ನೇ ಕರೆದುಕೊಂಡು ಬಂದರು, ಪಕ್ಕದ ಕ್ಲಿನಿಕ್ಕಿಗೆ. ಮುಕ್ಕಾಲು ಗಂಟೆ ಒಳಗಿದ್ದರು. ಹೊರಗೆ ಬಂದು ಚೀಟಿ ಕೊಟ್ಟಾಗ ನೋಡಿದೆ, ಔಷಧಿ ಒಂದೂ ಇರಲಿಲ್ಲ. ಮುಂದಿನ ಸೋಮವಾರದ ತಾರೀಖು, ಅದರ ಕೆಳಗೆ "ಒಬ್ಬನೇ ಬರಲಿ" ಅಂತ ಅಷ್ಟೇ ಇತ್ತು. ಹುಡುಗ ಐದು ರೂಪಾಯಿಗೆ ಪೆಪ್ಪರ್‌ಮಿಂಟ್ ತಗೊಂಡ.